ಗೊಬ್ಬರ ಹಾಕಿದ ಮೇಲೆ ಮೀನು ಹೊಂಡ ಕೆಟ್ಟರೆ: ಎರೆಭೂಮಿಗೊಂದು ದೋಷ ನಿವಾರಣೆ ಕೈಪಿಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮೀನು ಹೊಂಡಕ್ಕೆ ಬೀಳುವ ಸಾವಯವ ಗೊಬ್ಬರ ಹೆಚ್ಚಾಗಿ ಮೂರು ಬಗೆಯದು: ದನದ ಹೆಂಡಿ, ಫಾರಂ ಕೋಳಿಯ ಗೊಬ್ಬರ, ಗಾಣದ ಹಿಂಡಿ. ಮೀನು ಸಾಕಣೆಯ ಕರಪತ್ರದಲ್ಲಿ ಬರೆದಷ್ಟೇ ಹಾಕಿದರೂ ಇಲ್ಲಿ ಮೀನು ಸಾಯುವುದುಂಟು. ಕರಪತ್ರದ ಅಳತೆ ಸಾಮಾನ್ಯ ಮಣ್ಣು, ಸಾಮಾನ್ಯ ನೀರು ಎಂದು ಹಿಡಿದು ಕೊಟ್ಟದ್ದು. ಇಲ್ಲಿನ ಎರೆ (ಕಪ್ಪು) ಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ತುಂಬಿದೆ, ಬೋರ್ ನೀರು ಗಡಸು, ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಈ ಮೂರೂ ಸೇರಿದರೆ ಗೊಬ್ಬರ ಬೇಗ ಕೊಳೆಯುತ್ತದೆ, ಅದರಿಂದ ಹೊರಬರುವ ಅಮೋನಿಯಾ ಬೇಗ ವಿಷವಾಗುತ್ತದೆ. ಆದ್ದರಿಂದ ಅಳತೆಯನ್ನು ಕಾಗದದಿಂದ ಶುರು ಮಾಡಿ, ನೀರು ನೋಡಿ ತಿದ್ದಿಕೊಳ್ಳಬೇಕು.

ಏನನ್ನೂ ಹಾಕುವ ಮೊದಲು

ಹೊಂಡ ಕೆಟ್ಟಿದೆ ಅನಿಸಿದ ದಿನ ಮೊದಲ ಕೆಲಸ ಗೊಬ್ಬರ ಮತ್ತು ಮೇವು ನಿಲ್ಲಿಸುವುದು. ಎರಡನೆಯದು ಮೂರು ಹೊತ್ತಿನ ನೋಟ: ನಸುಕಿನ 5.30ಕ್ಕೆ ಮೀನಿನ ವರ್ತನೆ, ಬೆಳಗಿನ 11ಕ್ಕೆ ನೀರಿನ ತಿಳಿ, ಮಧ್ಯಾಹ್ನ 3ಕ್ಕೆ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ). ಈ ಮೂರು ತಿಳಿಯದೆ ಅಂಗಡಿಯಿಂದ ಔಷಧಿ ತರುವುದು ದುಡ್ಡು ದಂಡ.

ನೀರಿನ ತಿಳಿ ನೋಡಲು ಸೆಕ್ಕಿ ಡಿಸ್ಕ್ ಬೇಕು. 20 ಸೆಂಟಿಮೀಟರ್ ಅಗಲದ ತಗಡಿನ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡಕ್ಕೆ ಕಪ್ಪು, ಉಳಿದೆರಡಕ್ಕೆ ಬಿಳಿ ಬಣ್ಣ ಬಳಿದು, ನಡುವೆ ತೂತು ಕೊರೆದು, ಸೆಂಟಿಮೀಟರ್ ಗುರುತು ಮಾಡಿದ ಕೋಲಿಗೆ ಜಡಿಯಿರಿ. ಬಿಸಿಲು ಬೆನ್ನಿಗಿರುವಂತೆ ನಿಂತು ಇಳಿಸಿ. ಕಣ್ಣಿಗೆ ಕಾಣದಾದ ಆಳ ಬರೆದುಕೊಳ್ಳಿ. 25ರಿಂದ 40 ಸೆಂಟಿಮೀಟರ್ ಬಂದರೆ ಹೊಂಡ ಹದದಲ್ಲಿದೆ. ತಟ್ಟೆ ಇಲ್ಲದಿದ್ದರೆ ತೋಳು ಇಳಿಸಿ: ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಮರೆಯಾಗುವಂತಿರಬೇಕು. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಾದರೆ ಅತಿಯಾಗಿದೆ.

ಪಿಎಚ್‌ಗೆ ಕಾಗದದ ಪಟ್ಟಿ ಸಾಕು. ಅಮೋನಿಯಾಕ್ಕೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಮೀನು, ಸಿಗಡಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಮಣ್ಣು ಪರೀಕ್ಷೆಯ ಬಗ್ಗೆ ಕಲಬುರಗಿ, ಬೀದರ್ ಅಥವಾ ಸುರಪುರ ಕಡೆಯ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಲೆಕ್ಕಕ್ಕೊಂದು ಸುಲಭ ದಾರಿ ಇದೆ. ಒಂದು ಹೆಕ್ಟೇರ್ ಎಂದರೆ ಸುಮಾರು ನೂರು ಗುಂಟೆ. ಹೆಕ್ಟೇರಿಗೆ 2000 ಕಿಲೋ ಎಂದು ಬರೆದಿದ್ದರೆ ಗುಂಟೆಗೆ 20 ಕಿಲೋ. 21×21 ಮೀಟರಿನ ಕೃಷಿ ಹೊಂಡದ ಮೇಲ್ಮೈ 4.4 ಗುಂಟೆ. ಗೊಬ್ಬರವನ್ನು ಮೇಲ್ಮೈ ಲೆಕ್ಕದಲ್ಲಿ ಹಾಕಬೇಕು. ಪಟಿಕ, ಜಿಪ್ಸಂ ಇಂಥವನ್ನು ನೀರಿನ ಗಾತ್ರದ ಲೆಕ್ಕದಲ್ಲಿ. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ: ಆಳ ಮೂರು ಮೀಟರ್ ಎಂದು 21×21×3 ಗುಣಿಸಿ 1323 ಘನ ಮೀಟರ್ ಎಂದುಬಿಡುತ್ತಾರೆ. ಬದಿಗಳು 1:1 ಇಳಿಜಾರಿದ್ದರೆ ತಳ 15×15 ಮಾತ್ರ, ತುಂಬಿದ ಹೊಂಡದ ನೀರು ಸುಮಾರು 980 ಘನ ಮೀಟರ್. ತಪ್ಪು ಲೆಕ್ಕದಿಂದ ಔಷಧಿ ಬೇಕಾದದ್ದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಹೆಚ್ಚು ಬೀಳುತ್ತದೆ.

ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆ

ಬಿಸಿಲೇರಿದ ಮೇಲೆ, ಒಂಬತ್ತರ ಸುಮಾರಿಗೆ, ಮೀನು ತಾನಾಗಿ ಕೆಳಗಿಳಿದರೆ ಆಮ್ಲಜನಕದ ಕೊರತೆ. ಮಧ್ಯಾಹ್ನವೂ ಮೇಲೆಯೇ ತೇಲುತ್ತಿದ್ದರೆ ಕಾರಣ ಬೇರೆ. ಮುಂದಿನ ಭಾಗ ನೋಡಿ. ಈ ಎರಡನ್ನು ಬೇರ್ಪಡಿಸದೆ ಯಾವ ಮದ್ದೂ ಮಾಡಬಾರದು.

30 ಡಿಗ್ರಿ ಬಿಸಿಯ ನೀರು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ಹಸಿ ಹೆಂಡಿ ಕೊಳೆಸುವ ಸೂಕ್ಷ್ಮಾಣುಗಳೂ ಉಸಿರಾಡುತ್ತವೆ. ನಸುಕಿಗೆ ಆಮ್ಲಜನಕ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಗೆಂಡೆ ಜಾತಿಯ ಮೀನು ಸೊರಗುತ್ತದೆ, 1ರ ಹತ್ತಿರ ಬಂದರೆ ಸಾಯುತ್ತದೆ. ಶ್ರಾವಣದ ಮೋಡ ಎರಡು ಮೂರು ದಿನ ಕವಿದಾಗ, ಅದರ ಹಿಂದಿನ ದಿನವೇ ಗೊಬ್ಬರ ಬಿದ್ದಿದ್ದರೆ, ಮೂರನೇ ನಸುಕಿಗೆ ಮೀನು ಮೇಲೆ ಬಂದೇ ಬರುತ್ತದೆ.

ಆ ಹೊತ್ತಿಗೆ ಮಾಡಬೇಕಾದದ್ದು:

1. ಮೋಟರು ಅಥವಾ ಡೀಸೆಲ್ ಎಂಜಿನ್ನಿನಿಂದ ಹೊಂಡದ ನೀರನ್ನೇ ಎತ್ತಿ, ತೂತು ಕೊರೆದ ಪೈಪಿನಿಂದ ಮೇಲಿಂದ ಸಿಡಿಸಿ. ಫುಟ್‌ವಾಲ್ವ್ ತಳದಿಂದ ಕನಿಷ್ಠ ಮೂರು ಅಡಿ ಮೇಲಿರಲಿ. ತಳದ ಕಪ್ಪು ಕೆಸರು ಎದ್ದರೆ ಇದ್ದ ಆಮ್ಲಜನಕವೂ ಹೋಯಿತು.
2. ಬೋರ್ ನೀರು ಬಿಡುವುದಾದರೂ ಎತ್ತರದಿಂದ ಹಲಗೆಯ ಮೇಲೆ ಬೀಳಿಸಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಪೈಪನ್ನು ನೀರೊಳಗೆ ಮುಳುಗಿಸಿ ಬಿಟ್ಟರೆ ಲಾಭವಿಲ್ಲ.
3. ಬಿಸಿಲು ಬೀಳುವವರೆಗೆ ನಿಲ್ಲಿಸಬೇಡಿ.
4. ಸುಣ್ಣ ಎರಚಬೇಡಿ.

ನಾಲ್ಕನೆಯದನ್ನು ಒತ್ತಿ ಹೇಳಲು ಕಾರಣವಿದೆ. ಮೀನು ಬಾಯಿ ತೆರೆದ ಕೂಡಲೇ ಸುಣ್ಣ ಎರಚುವ ರೂಢಿ ನಮ್ಮ ಕಡೆ ಬಲವಾಗಿದೆ, ಅದರಿಂದ ಬದುಕುವ ಮೀನೂ ಸಾಯುತ್ತದೆ. ಹೇಗೆಂದು ಕೆಳಗಿದೆ.

ಮೂರು ಮೀಟರ್ ಆಳದ ಕೃಷಿ ಹೊಂಡಗಳಿಗೆ ಇನ್ನೊಂದು ಅಪಾಯವಿದೆ. ಬೇಸಿಗೆಯಲ್ಲಿ ಮೇಲಿನ ನೀರು ಕಾದು, ತಳದ ತಂಪು ನೀರು ಆಮ್ಲಜನಕವಿಲ್ಲದೆ ಕೂತಿರುತ್ತದೆ. ಮೇ ತಿಂಗಳ ಅಡ್ಡಮಳೆ ಗಾಳಿಯೊಂದಿಗೆ ರಪ್ಪನೆ ಹೊಡೆದರೆ ಎರಡೂ ಪದರ ಒಂದಾಗುತ್ತವೆ, ರಾತ್ರೋರಾತ್ರಿ ಎಲ್ಲಾ ಗಾತ್ರದ ಮೀನು ತೇಲುತ್ತವೆ. ಅಡ್ಡಮಳೆಯ ಕಾಲದಲ್ಲಿ ಸಂಜೆ ಮೋಡ ಕಟ್ಟಿದ್ದು ಕಂಡರೆ ಮೋಟರು ತಯಾರಿಟ್ಟುಕೊಂಡೇ ಮಲಗಬೇಕು.

ಮಧ್ಯಾಹ್ನವೂ ಮೀನು ಮೇಲೆಯೇ

ಇದು ಹೆಚ್ಚಾಗಿ ಅಮೋನಿಯಾ. ಹೆಂಡಿ, ಕೋಳಿ ಗೊಬ್ಬರ, ಹಿಂಡಿ ಯಾವುದು ಕೊಳೆತರೂ ಅಮೋನಿಯಾ ಹುಟ್ಟುತ್ತದೆ. ಅದರಲ್ಲಿ ಮೀನಿಗೆ ವಿಷವಾಗುವ ಪಾಲು ಎಷ್ಟೆಂಬುದು ಪಿಎಚ್ ಮೇಲೆ ನಿಂತಿದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇ 1ಕ್ಕಿಂತ ಕಡಿಮೆ ಪಾಲು ವಿಷರೂಪದಲ್ಲಿರುತ್ತದೆ. 8 ಇದ್ದರೆ ಶೇ 7.5. 9 ಮುಟ್ಟಿದರೆ ಶೇ 45. ಕಿಟ್ ಎರಡು ಹೊಂಡಗಳಲ್ಲೂ ಲೀಟರಿಗೆ 1 ಮಿಲಿಗ್ರಾಂ ತೋರಿಸಬಹುದು; ಪಿಎಚ್ 7.5ರ ಹೊಂಡದಲ್ಲಿ ಮೀನು ಆರಾಮಾಗಿರುತ್ತದೆ, ಪಿಎಚ್ 9ರದ್ದರಲ್ಲಿ ಸಾಯುತ್ತದೆ.

ಎರೆಭೂಮಿಯ ಹೊಂಡದ ಪಿಎಚ್ ಬೆಳಿಗ್ಗೆಯೇ 8ರ ಮೇಲಿರುವುದು ಸಾಮಾನ್ಯ. ನೀರು ಹಸಿರೇರಿದ್ದರೆ ಮಧ್ಯಾಹ್ನ ಪಾಚಿ ಇಂಗಾಲಾಮ್ಲವನ್ನೆಲ್ಲ ಹೀರಿ ಪಿಎಚ್ 9 ದಾಟಿಸುತ್ತದೆ. ಅದರ ಮೇಲೆ ಸುಣ್ಣ ಎರಚಿದರೆ ಇನ್ನೂ ಏರುತ್ತದೆ, ಉಳಿದ ಅಮೋನಿಯಾವೂ ವಿಷರೂಪಕ್ಕೆ ತಿರುಗುತ್ತದೆ. ಸುಣ್ಣದಿಂದ ಮೀನು ಸತ್ತಿತು ಎಂದು ಯಾರಿಗೂ ಅನಿಸುವುದಿಲ್ಲ, ಗೊಬ್ಬರಕ್ಕೇ ಬೈಗುಳ.

ಮಾಡಬೇಕಾದದ್ದು: ನೀರು ಸಿಗುವಂತಿದ್ದರೆ ಕಾಲು ಭಾಗ ಹೊರಹಾಕಿ ಹೊಸ ನೀರು ತುಂಬಿ. ಹೊರಹಾಕಿದ ನೀರು ಹೊಲಕ್ಕೆ ಹೋಗಲಿ. ಜೋಳಕ್ಕೂ ಕಾಯಿಪಲ್ಯೆಗೂ ಅದು ಒಳ್ಳೆಯ ಆಹಾರ. ಮೇವು ನಾಲ್ಕು ದಿನ ಪೂರ್ತಿ ಬಂದ್. ಬೆಲ್ಲ ಅಥವಾ ಕಾಕಂಬಿ ಸುರಿದರೆ ಅಮೋನಿಯಾ ಇಳಿಯುತ್ತದೆ ಎಂಬುದು ನಿಜವೇ, ಆದರೆ ಅದನ್ನು ತಿನ್ನುವ ಸೂಕ್ಷ್ಮಾಣುಗಳು ಆಮ್ಲಜನಕವನ್ನೂ ಉಣ್ಣುತ್ತವೆ. ರಾತ್ರಿಯಿಡೀ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ನಡೆಸುವ ಅನುಕೂಲವಿಲ್ಲದವರು ಅದರ ತಂಟೆಗೆ ಹೋಗದಿರುವುದೇ ಲೇಸು.

ಬೀದರ್ ಊರಿನ ಸುತ್ತಿನ ಜಂಬಿಟ್ಟಿಗೆಯ ಕೆಂಪು ನೆಲದ ಲೆಕ್ಕ ಬೇರೆ. ಅಲ್ಲಿ ಮಣ್ಣಿನ ಪಿಎಚ್ 6.5ಕ್ಕಿಂತ ಕಡಿಮೆ ಬಂದರೆ ಮರಿ ಬಿಡುವ ಮೊದಲು ಸುಣ್ಣ ಬೇಕೇ ಬೇಕು. ಆಗಲೂ ಸುಣ್ಣ ಹಾಕಿ ಒಂದು ವಾರ ಬಿಟ್ಟೇ ಗೊಬ್ಬರ. ಒಂದೇ ದಿನ ಎರಡೂ ಬಿದ್ದರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ, ರಂಜಕ ಸುಣ್ಣಕ್ಕೆ ಅಂಟಿಕೊಂಡು ತಳಕ್ಕೆ ಕೂರುತ್ತದೆ.

ಎಷ್ಟು ಹಾಕಿದರೂ ನೀರು ಹಸಿರಾಗುತ್ತಿಲ್ಲ

ತಟ್ಟೆ 60–70 ಸೆಂಟಿಮೀಟರಿನವರೆಗೂ ಕಾಣುತ್ತಿದ್ದರೆ ಮೊದಲು ಸೋರಿಕೆ ಪರೀಕ್ಷಿಸಿ. ಪ್ಲಾಸ್ಟಿಕ್ ಬಕೆಟ್ಟಿಗೆ ಹೊಂಡದ ನೀರು ತುಂಬಿ, ದಂಡೆಯ ಹತ್ತಿರ ನೀರಿನಲ್ಲೇ ಕಲ್ಲಿಟ್ಟು ನಿಲ್ಲಿಸಿ, ಒಳಗೂ ಹೊರಗೂ ಗುರುತು ಹಾಕಿ. ಎರಡು ದಿನದ ನಂತರ ಬಕೆಟ್ಟಿನಲ್ಲಿ ಇಳಿದದ್ದು ಆವಿಯಾದ ನೀರು. ಹೊಂಡದಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆ. ದಿನಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸೋರಿದರೆ ಗೊಬ್ಬರದ ಸತ್ವ ನೆಲದೊಳಗೆ ಹೋಗುತ್ತಿದೆ. ಜಂಬಿಟ್ಟಿಗೆ ನೆಲದಲ್ಲಿ ಇದೇ ಮೊದಲ ಗುಮಾನಿ.

ಸೋರಿಕೆ ಇಲ್ಲದಿದ್ದರೆ ರಂಜಕದ ಕೊರತೆ. ಎರೆ ಮಣ್ಣಿನ ಸುಣ್ಣ ರಂಜಕವನ್ನು ಹಿಡಿದು ತಳಕ್ಕೆ ಎಳೆಯುತ್ತದೆ. ಸಾವಯವ ಎಂದು ರಾಕ್ ಫಾಸ್ಫೇಟ್ ತಂದು ಸುರಿಯುವವರಿದ್ದಾರೆ. ಅದು ಕರಗುವುದು ಹುಳಿ ಮಣ್ಣಿನಲ್ಲಿ, ಪಿಎಚ್ 8ರ ನೀರಿನಲ್ಲಿ ಬರೀ ಕಲ್ಲುಪುಡಿಯಾಗಿ ಉಳಿಯುತ್ತದೆ. ಮೂಳೆಪುಡಿಯ ಕಥೆಯೂ ಹೆಚ್ಚುಕಡಿಮೆ ಅದೇ. ಇಲ್ಲಿ ಕೆಲಸಕ್ಕೆ ಬರುವುದು ಕಳಿತ (ಪೂರ್ತಿ ಕೊಳೆತು ಮಾಗಿದ) ಕೋಳಿ ಗೊಬ್ಬರ, ಅದೂ ತಳ ಮುಟ್ಟದಂತೆ. ಗೋಣಿ ಚೀಲದಲ್ಲಿ ಅರ್ಧ ತುಂಬಿ, ಗೂಟಕ್ಕೆ ಕಟ್ಟಿ, ನೀರಿನ ಮೇಲ್ಮೈಯಿಂದ ಒಂದು ಅಡಿಯೊಳಗೆ ತೂಗುಬಿಡಿ. ಗಾಳಿ ಬೀಸಿ ಬರುವ ದಿಕ್ಕಿನ ದಂಡೆಯಲ್ಲಿ ಕಟ್ಟಿದರೆ ಅಲೆಗಳೇ ರಸವನ್ನು ಹರಡುತ್ತವೆ.

ನೀರು ತಿಳಿ, ತಳದಲ್ಲಿ ನೂಲಿನಂಥ ಪಾಚಿ ಅಥವಾ ಕಳೆ ಹಬ್ಬಿದೆ ಎಂದಾದರೆ ಗೊಬ್ಬರ ಹಾಕಲೇಬೇಡಿ, ಉಣ್ಣುವುದು ಅದೇ. ಮೊದಲು ಜಂತಕುಂಟೆಯಿಂದಲೋ ಬಲೆಯಿಂದಲೋ ಎಳೆದು ಹೊರಹಾಕಿ.

ನೀರು ಚಹಾದ ಬಣ್ಣ

ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆಯೂ ಹಾಗೇ ಮಸುಕಾಗಿದ್ದರೆ ಅದು ಎರೆಯ ಜೇಡಿ, ಗೊಬ್ಬರದ ದೋಷವಲ್ಲ. ಬೆಳಕು ಒಳಗಿಳಿಯದಿದ್ದರೆ ಪಾಚಿ ಬೆಳೆಯದು, ಹಾಕಿದ ಗೊಬ್ಬರ ಕತ್ತಲಲ್ಲಿ ಕೊಳೆಯುತ್ತದೆ ಅಷ್ಟೆ. ಮಳೆನೀರು ಗಡಸಲ್ಲದ್ದರಿಂದ ಅದರಲ್ಲಿ ಜೇಡಿ ಬೇಗ ಕೂರದು, ಹಾಗಾಗಿ ಹೊಲದ ಹರಿನೀರು ತುಂಬಿದ ಹೊಂಡಗಳಲ್ಲಿ ಇದು ಹೆಚ್ಚು.

ಈ ಜೇಡಿ ಕೂರಿಸಲು ಪಟಿಕ ಬೇಕು, ಅದರ ಅಳತೆ ಊಹಿಸಬೇಡಿ. ಒಂದು ಲೀಟರ್ ಶುದ್ಧ ನೀರಿಗೆ 1 ಗ್ರಾಂ ಪಟಿಕ ಕರಗಿಸಿ. ಹೊಂಡದ ನೀರು ತಲಾ ಒಂದು ಲೀಟರ್ ತುಂಬಿದ ನಾಲ್ಕು ಬಾಟಲಿಗಳಿಗೆ ಆ ದ್ರಾವಣವನ್ನು 10, 20, 30, 40 ಮಿಲಿಲೀಟರ್ ಹಾಕಿ ಕಲಕಿ. ಒಂದು ತಾಸಿನಲ್ಲಿ ತಿಳಿಯಾದ ಮೊದಲ ಬಾಟಲಿಯ ಅಂಕಿಯೇ ಘನ ಮೀಟರಿಗೆ ಬೇಕಾದ ಗ್ರಾಂ. 20ಕ್ಕೆ ತಿಳಿಯಾದರೆ 980 ಘನ ಮೀಟರಿಗೆ ಸುಮಾರು ಇಪ್ಪತ್ತು ಕಿಲೋ. ಗಾಳಿ ಇಲ್ಲದ ಬೆಳಿಗ್ಗೆ ನೀರಲ್ಲಿ ಕರಗಿಸಿ ಚಿಮುಕಿಸಿ. ಬದುವಿನ ನೀರು ನೇರ ಹೊಂಡಕ್ಕೆ ನುಗ್ಗದಂತೆ ಹೂಳುಗುಂಡಿ ಮಾಡದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಹಾಡು.

ಬಣ್ಣ ಬಳಿದಂಥ ಹಸಿರು, ಇಟ್ಟಂಗಿಯಂಥ ಕೆಂಪು

ಗಾಳಿ ಹೊಡೆಯುವ ಮೂಲೆಯಲ್ಲಿ ದಪ್ಪ ಹಸಿರು ಕೆನೆ ಕಟ್ಟಿ ವಾಸನೆ ಬಂದರೆ ನೀಲಿ ಹಸಿರು ಪಾಚಿ. ಕೋಳಿ ಗೊಬ್ಬರ ಅತಿಯಾಗಿ ರಂಜಕ ಮಿಕ್ಕಿದಾಗ ಇದು ಏಳುತ್ತದೆ. ಮೀನಿಗೆ ಮಣ್ಣಿನ ವಾಸನೆ ಹತ್ತುವುದಕ್ಕೂ ಇದರ ಜಾತಿಯೇ ಹೆಚ್ಚಾಗಿ ಕಾರಣ. ಅಂಥ ಮೀನನ್ನು ಹಿಡಿದು ಶುದ್ಧ ನೀರಿನಲ್ಲಿ ಕೆಲವು ದಿನ ಇಟ್ಟರೆ ವಾಸನೆ ಇಳಿಯುತ್ತದೆ. ಹಳೆ ಸೀರೆ ಹಿಡಿದು ಇಬ್ಬರು ಕೆನೆಯನ್ನು ಮೂಲೆಯಿಂದ ಎಳೆದು ತೆಗೆಯಿರಿ, ಗೊಬ್ಬರವನ್ನು ಮೂರು ವಾರ ನಿಲ್ಲಿಸಿ. ಮೈಲುತುತ್ತ ಸುರಿದು ಒಮ್ಮೆಲೇ ಪಾಚಿ ಕೊಂದರೆ, ಸತ್ತ ಪಾಚಿ ಕೊಳೆತು ಎರಡನೇ ನಸುಕಿಗೆ ಮೀನನ್ನೂ ಕೊಲ್ಲುತ್ತದೆ.

ಬಿಸಿಲಿಗೆ ಕೆಂಪಾಗಿ, ಸಂಜೆಗೆ ಹಸಿರಾಗುವ ಪದರ ಯೂಗ್ಲೀನಾ. ಸಾವಯವ ವಸ್ತು ಮಿಕ್ಕಿದೆ ಎಂಬುದರ ಗುರುತು. ಉಪಾಯ ಅದೇ.

ತಳದಿಂದ ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ

ಉದ್ದ ಪೈಪನ್ನು ತಳಕ್ಕೆ ಒತ್ತಿ, ಮೇಲಿನ ಬಾಯಿ ಅಂಗೈಯಿಂದ ಮುಚ್ಚಿ ಎತ್ತಿ. ಕಪ್ಪು ಕೆಸರು ಮೂರು ಬೆರಳಿಗಿಂತ ದಪ್ಪ ಬಂದರೆ ತಳ ಕೆಟ್ಟಿದೆ. ನಮ್ಮ ಕಡೆ ಇದರ ಬೇರು ಹೆಚ್ಚಾಗಿ ಚಳಿಗಾಲದಲ್ಲಿರುತ್ತದೆ. ಡಿಸೆಂಬರ್–ಜನವರಿಯಲ್ಲಿ ನೀರು ತಣ್ಣಗಾದಾಗ ಗೊಬ್ಬರ ಕೊಳೆಯುವುದು ನಿಧಾನ, ಮೀನು ತಿನ್ನುವುದೂ ಕಡಿಮೆ. ನೀರು ಹಸಿರಾಗಲಿಲ್ಲವೆಂದು ವಾರವಾರ ಇನ್ನಷ್ಟು ಹಾಕುತ್ತಾರೆ. ಅದೆಲ್ಲ ತಳದಲ್ಲಿ ಸಾಲದಂತೆ ಕೂತು, ಮಾರ್ಚ್ ಬಿಸಿಲಿಗೆ ಒಮ್ಮೆಲೇ ಕೊಳೆಯುತ್ತದೆ. ನೀರಿನ ಬಿಸಿ 20 ಡಿಗ್ರಿಗಿಂತ ಇಳಿದಾಗ ಗೊಬ್ಬರ ನಿಲ್ಲಿಸುವುದೇ ಸರಿ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಕೊಳೆತದ್ದನ್ನು ಹೀರಿಕೊಳ್ಳುವ ಮಣ್ಣು ಅಲ್ಲಿಲ್ಲ. ಅಲ್ಲಿಗೆ ಬುಟ್ಟಿಗಟ್ಟಲೆ ಹೆಂಡಿ ಎಸೆಯುವುದು ಬೇಡವೇ ಬೇಡ. ಚೀಲದಲ್ಲಿ ತೂಗುಬಿಟ್ಟ ಗೊಬ್ಬರ ಅಥವಾ ಸೋಸಿದ ಸ್ಲರಿ (ಗೋಬರ್ ಗ್ಯಾಸ್ ತೊಟ್ಟಿಯಿಂದ ಬರುವ ತೆಳು ಗೊಬ್ಬರ) ಮಾತ್ರ. ಸತ್ವ ಹೋದ ಚೀಲವನ್ನು ಎರಡು ವಾರಕ್ಕೆ ಎತ್ತಿ ಹೊಲಕ್ಕೆ ಸುರಿಯಿರಿ.

ಮೀನು ಬದುಕಿದೆ, ಆದರೆ ಪ್ರಾಣಿ ಪ್ಲವಕ (ಮರಿ ತಿನ್ನುವ, ನೀರಲ್ಲಿ ತೇಲುವ ಸಣ್ಣ ಜೀವಿಗಳು) ಇಲ್ಲ

ತೆಳು ನೈಲಾನ್ ಬಟ್ಟೆಯ ಚೀಲದಲ್ಲಿ ಹೊಂಡದ 50 ಲೀಟರ್ ನೀರು ಸೋಸಿ, ಉಳಿದದ್ದನ್ನು ಗುರುತಿನ ಗಾಜಿನ ನಳಿಗೆಯಲ್ಲಿ ಹಾಕಿ, ಚಿಟಿಕೆ ಉಪ್ಪು ಬೆರೆಸಿ. ಜೀವಿಗಳು ಸತ್ತು ತಳಕ್ಕೆ ಕೂರುತ್ತವೆ. 1ರಿಂದ 2 ಮಿಲಿಲೀಟರ್ ಬಂದರೆ ಮರಿಗೆ ಆಹಾರ ಸಾಕು. ನೀರು ಹಸಿರಿದ್ದೂ ಇಲ್ಲಿ ಏನೂ ಕೂರದಿದ್ದರೆ ಗೊಬ್ಬರದಲ್ಲೇ ವಿಷ ಬಂದಿರಬಹುದು. ಮೂರು ಪ್ರಶ್ನೆ ಕೇಳಿಕೊಳ್ಳಿ.

ದನಕ್ಕೆ ಉಣ್ಣೆ ಅಥವಾ ಜಂತಿಗೆಂದು ಇತ್ತೀಚೆಗೆ ಐವರ್‌ಮೆಕ್ಟಿನ್ ಚುಚ್ಚಿಸಿದ್ದಿರಾ? ಅದು ಹೆಂಡಿಯಲ್ಲಿ ವಾರಗಟ್ಟಲೆ ಹೊರಬರುತ್ತದೆ. ಪ್ರಾಣಿ ಪ್ಲವಕದಲ್ಲೇ ಸೇರಿದ ನೀರುಚಿಗಟಗಳಿಗೆ ಅತಿ ಸಣ್ಣ ಪ್ರಮಾಣವೂ ಮಾರಕ. ಅಂಥ ದನದ ಹೆಂಡಿಯನ್ನು ಕನಿಷ್ಠ ಒಂದು ತಿಂಗಳು ಹೊಂಡಕ್ಕೆ ಹಾಕಬೇಡಿ, ತಿಪ್ಪೆಗೆ ಹಾಕಿ. ಹಿಂಡಿ ಯಾವುದು? ಶೇಂಗಾ, ಕುಸುಬಿ ಆಗಬಹುದು. ಔಡಲ ಹಿಂಡಿ ವಿಷ. ಬೇವಿನ ಹಿಂಡಿ ಹುಳದ ಜೊತೆ ಮೀನಿನ ಆಹಾರವನ್ನೂ ಕೊಲ್ಲುತ್ತದೆ. ಪಕ್ಕದ ತೊಗರಿ, ಹತ್ತಿ ಹೊಲದ ಸಿಂಪಡಣೆ ಯಾವಾಗ ಆಯಿತು, ಆಮೇಲೆ ಮಳೆ ಬಂತೇ? ಬಂದಿದ್ದರೆ ಗೊಬ್ಬರವನ್ನು ಬೈಯುವ ಮೊದಲು ಬದುವು ನೋಡಿ.

ಹೊಸ ಗೊಬ್ಬರ ಯಾವುದೇ ಬರಲಿ, ಹೊಂಡದ ನೀರಿನ ಎರಡು ಬಕೆಟ್ ಇಟ್ಟು, ತಲಾ ಐದು ಸಣ್ಣ ಮರಿ ಬಿಟ್ಟು, ಒಂದಕ್ಕೆ ಮಾತ್ರ ಚಿಟಿಕೆ ಗೊಬ್ಬರ ಕದಡಿ, ಒಂದು ದಿನ ನೋಡಿ. ಗೊಬ್ಬರದ ಬಕೆಟ್ಟಿನಲ್ಲಷ್ಟೇ ಮರಿ ಸತ್ತರೆ ಅದನ್ನು ಬಿಡಿ.

ಗೊಬ್ಬರ ಕೊಳೆಸಿ ಮಾಗಿಸುವ ಬಗೆ ಮತ್ತು ಅಳತೆ

ಮೇಲಿನ ದೋಷಗಳಲ್ಲಿ ಹೆಚ್ಚಿನವು ಹಸಿ ಗೊಬ್ಬರದಿಂದ ಬರುತ್ತವೆ. ಗೋಬರ್ ಗ್ಯಾಸ್ ಇರುವವರಿಗೆ ಸ್ಲರಿಯೇ ಎಲ್ಲಕ್ಕಿಂತ ಉತ್ತಮ. ಕೊಳೆಯಬೇಕಾದದ್ದು ಒಳಗೇ ಬಹುಪಾಲು ಕೊಳೆತಿರುತ್ತದೆ, ಆಮ್ಲಜನಕ ಕಡಿಮೆ ಉಣ್ಣುತ್ತದೆ. ತೆರೆದ ತೊಟ್ಟಿಯಲ್ಲಿ ಎರಡು ಮೂರು ದಿನ ಕಲಕುತ್ತ ಗಾಳಿಗಿಟ್ಟು, ವಾರಕ್ಕೆ ಗುಂಟೆಗೆ 6 ಕಿಲೋದಂತೆ ನೀರಲ್ಲಿ ತೆಳುಮಾಡಿ ಹಾಕಿ.

ಇಲ್ಲದವರು ನೆರಳಲ್ಲಿ ಹೆಂಡಿಯ ಗುಡ್ಡೆ ಹಾಕಿ. ಹೆಂಡಿ, ಕತ್ತರಿಸಿದ ಜೋಳದ ಕಣಿಕಿ, ತೊಗರಿ ಹೊಟ್ಟು ಪದರ ಪದರವಾಗಿರಲಿ. ಹಿಡಿ ಹಿಂಡಿದರೆ ಒಂದೆರಡು ಹನಿ ಒಸರುವಷ್ಟು ತೇವ ಸಾಕು. ಒಳಗೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಹಿಡಿಯಲಾಗದಷ್ಟು ಬಿಸಿ ಇರಬೇಕು. ಆ ಬಿಸಿಯೇ ರೋಗಾಣು ಕೊಲ್ಲುವುದು. ಹತ್ತು ದಿನಕ್ಕೊಮ್ಮೆ ಒಳಹೊರಗು ಮಾಡಿ ತಿರುವಿದರೆ ಆರರಿಂದ ಎಂಟು ವಾರದಲ್ಲಿ ಕಳಿಯುತ್ತದೆ. ಕಳಿತಿದೆಯೋ ಎಂದು ತಿಳಿಯಲು ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಳೆ ಬಿದ್ದ ಹೊಲದ ವಾಸನೆ ಬಂದರೆ ಆಯಿತು, ಮೂಗು ಮುಚ್ಚುವಂತಿದ್ದರೆ ಇನ್ನೂ ಹಸಿ.

ಮರಿ ಬಿಡುವ ಎರಡು ವಾರ ಮೊದಲು ಗುಂಟೆಗೆ 20ರಿಂದ 30 ಕಿಲೋ ಹೆಂಡಿ. ಬೇಡದ ಮೀನು ಕೊಲ್ಲಲು ಹಿಪ್ಪೆ ಹಿಂಡಿ ಹಾಕಿದ್ದರೆ ಅದರ ವಿಷ ಇಳಿಯಲು ಮೂರು ವಾರ ಕಾಯಬೇಕು, ಅದೇ ಗೊಬ್ಬರವೂ ಆಗುವುದರಿಂದ ಹೆಂಡಿಯನ್ನು ಅರ್ಧಕ್ಕಿಳಿಸಿ. ಆಮೇಲೆ ವಾರಕ್ಕೆ ಗುಂಟೆಗೆ ಎರಡೂವರೆ ಕಿಲೋ ಹೆಂಡಿ. ಕಳಿತದ್ದಾದರೆ ನೀರಿನಂಶ ಕಡಿಮೆ ಇರುವುದರಿಂದ ಒಂದೂವರೆ ಕಿಲೋ ಸಾಕು. ಕೋಳಿ ಗೊಬ್ಬರಕ್ಕೆ ಕರಪತ್ರದ ಲೆಕ್ಕ ವಾರಕ್ಕೆ ಗುಂಟೆಗೆ ಸುಮಾರು 1 ಕಿಲೋ. ಮಧ್ಯಾಹ್ನದ ಪಿಎಚ್ 8.5 ದಾಟುವ ಹೊಂಡಗಳಲ್ಲಿ ಅರ್ಧ ಕಿಲೋ ಮೀರಬೇಡಿ. ತಟ್ಟೆ 40ಕ್ಕಿಂತ ಆಳ ಕಂಡರೆ ಪೂರ್ತಿ ಕಂತು, 25ರಿಂದ 40 ಇದ್ದರೆ ಅರ್ಧ, 25ಕ್ಕಿಂತ ಕಡಿಮೆಯಾದರೆ ಆ ವಾರ ಏನೂ ಬೇಡ. ಹಾಕುವ ಹೊತ್ತು ಬಿಸಿಲಿರುವ ದಿನದ ಬೆಳಗಿನ ಒಂಬತ್ತು ಹತ್ತು ಗಂಟೆ.

ಮರಿ ಸಾಕುವ ತೊಟ್ಟಿಗೆ ಬೇರೆ ಪಾಕವಿದೆ: ಗುಂಟೆಗೆ ಏಳೂವರೆ ಕಿಲೋ ಶೇಂಗಾ ಹಿಂಡಿ, 2 ಕಿಲೋ ಹೆಂಡಿ, ಅರ್ಧ ಕಿಲೋ ಸೂಪರ್ ಫಾಸ್ಫೇಟ್ ನೆನೆಸಿ ಗಂಜಿ ಮಾಡಿ, ಅರ್ಧವನ್ನು ಮರಿ ಬಿಡುವ ಎರಡು ಮೂರು ದಿನ ಮುಂಚೆ, ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಹಾಕುವುದು. ಪೂರ್ತಿ ಸಾವಯವ ಬೇಕೆಂದವರು ಸೂಪರ್ ಬಿಟ್ಟು ಕಳಿತ ಕೋಳಿ ಗೊಬ್ಬರದ ರಸ ಸೇರಿಸಬಹುದು, ಪ್ಲವಕ ಏಳುವುದು ಮಾತ್ರ ತುಸು ತಡ.

ಮಾರಾಟಕ್ಕೆ ಮೀನು ಹಿಡಿಯುವ ಮೂರು ವಾರ ಮೊದಲು ಎಲ್ಲ ಗೊಬ್ಬರ ನಿಲ್ಲಬೇಕು. ಹೆಂಡಿ, ಕೋಳಿ ಗೊಬ್ಬರ ಮುಟ್ಟುವಾಗ ರಬ್ಬರ್ ಕೈಗವಸು ಇರಲಿ, ಕೈಯಲ್ಲಿ ಗಾಯವಿದ್ದವರು ಆ ದಿನ ಹೊಂಡಕ್ಕೆ ಇಳಿಯುವುದು ಬೇಡ.